ಕಣಗಲಾಕ್ಕೆ ಎಷ್ಟು ಹೆಜ್ಜೆ

ನಮ್ಮ ಅಣ್ಣನಿಗೆ ಯಾವ ಊರಿನ ದಾರಿಯೂ ಪೂರ್ತಿ ಗೊತ್ತಿರಲಿಲ್ಲ. ಇದನ್ನು ನಾನು ಹೀಯಾಳಿಸಿ ಹೇಳುತ್ತಿಲ್ಲ, ಅವನೇ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ. ಹೆಂಡತಿಯ ತವರುಮನೆ ಇಪ್ಪತ್ತು ವರ್ಷದಿಂದ ಇದ್ದಲ್ಲೇ ಇದ್ದರೂ ಪ್ರತಿ ಸಲ ಅಲ್ಲಿಗೆ ಹೋಗುವಾಗ ಮೂರು ಕಡೆ ಸ್ಕೂಟರ್ ನಿಲ್ಲಿಸಿ ದಾರಿ ಕೇಳುತ್ತಿದ್ದ. ಇಂಥ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ ಅನ್ನುತ್ತೀರಿ? ಗೋಕಾಕದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಹುಡುಗರಿಗೆ ದಾರಿ ಕಲಿಸುತ್ತಿದ್ದ!

ಮನುಷ್ಯರ ದಾರಿಯಲ್ಲ, ಕಂಪ್ಯೂಟರುಗಳ ದಾರಿ. ಒಂದು ಕಂಪ್ಯೂಟರಿನಿಂದ ಹೊರಟ ಸುದ್ದಿ, ನಡುವೆ ಕೂತ ರೂಟರ್ ಎಂಬ ಡಬ್ಬಿಗಳನ್ನು ದಾಟಿಕೊಂಡು ಇನ್ನೊಂದು ಕಂಪ್ಯೂಟರನ್ನು ಹೇಗೆ ಮುಟ್ಟುತ್ತದೆ ಎಂಬುದು ಅವನ ಪಾಠ. ಅದರಲ್ಲಿ ‘ಡಿಸ್ಟೆನ್ಸ್ ವೆಕ್ಟರ್’ ಎಂಬ ಒಂದು ಪದ್ಧತಿಯ ಮೇಲೆ ಅವನಿಗೆ ವಿಪರೀತ ಪ್ರೀತಿ. ಆ ಪದ್ಧತಿಯ ಡಬ್ಬಿಗಳಲ್ಲಿ ಯಾವುದಕ್ಕೂ ಪೂರ್ತಿ ನಕಾಶೆ ಗೊತ್ತಿರುವುದಿಲ್ಲವಂತೆ. ಗೊತ್ತಿರುವುದು ಎರಡೇ: ಮುಟ್ಟಬೇಕಾದ ಜಾಗ ಎಷ್ಟು ದೂರ, ಮತ್ತು ಅದಕ್ಕಾಗಿ ಬಾಜೂದವರಲ್ಲಿ, ಅಂದರೆ ಪಕ್ಕದವರಲ್ಲಿ, ಯಾರ ಕೈಗೆ ಸುದ್ದಿ ಕೊಡಬೇಕು. ಅಷ್ಟರಲ್ಲೇ ಜಗತ್ತು ನಡೆಯುತ್ತದೆ.

“ಡಬ್ಬಿಗೆ ಸಾಕಾಗಿದ್ದು ನನಗ ಸಾಕಾಗೂದಿಲ್ಲೇನು?” ಎನ್ನುತ್ತಿದ್ದ ಅಣ್ಣ.

“ಡಬ್ಬಿಗೆ ಹೆಂಡ್ತಿ ತವರುಮನಿ ಇರೂದಿಲ್ಲ,” ಎನ್ನುತ್ತಿದ್ದಳು ವೈನಿ. ಅಣ್ಣನ ಹೆಂಡತಿಯನ್ನು ನಾವು ವೈನಿ ಅನ್ನುತ್ತೇವೆ. ಆ ಮನೆಯಲ್ಲಿ ಕೊನೆಯ ಮಾತು ಯಾವಾಗಲೂ ಅವಳದೇ.

ನಾನು ಹತ್ತನೆಯ ತರಗತಿಗೇ ಸಾಲೆ ಬಿಟ್ಟವನು. ಮೂಡಲಗಿಯಲ್ಲಿ, ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ನನ್ನದು. ಮೋಟಾರು ಮಾತಾಡುವುದಿಲ್ಲ, ನಾನೂ ಹೆಚ್ಚು ಮಾತಾಡುವುದಿಲ್ಲ, ಹೀಗಾಗಿ ನಮಗಿಬ್ಬರಿಗೂ ಹೊಂದಿಕೊಂಡಿದೆ. ಡಿಸ್ಟೆನ್ಸ್ ವೆಕ್ಟರನ್ನು ಈ ನಾನು ಕಲಿತೆ ಎಂದರೆ ಅದರ ಶ್ರೇಯಸ್ಸು ಪೂರ್ತಿ ಅಣ್ಣನಿಗೆ ಸೇರಬೇಕು. ಕಲಿಯದೆ ಬಿಡುವ ಹಾಗೂ ಇರಲಿಲ್ಲ!

ಅವನ ಪದ್ಧತಿ ಗೆದ್ದದ್ದನ್ನು ನಾನು ಮೊದಲು ಕಂಡದ್ದು ಒಂದು ಹೆಣ್ಣು ನೋಡುವ ಕಾರ್ಯಕ್ರಮದಲ್ಲಿ. ನಮ್ಮ ಕಾಕಾನ ಮಗನಿಗೆ ಯಮಕನಮರಡಿಯಲ್ಲಿ, ಹೆದ್ದಾರಿಯ ಪಕ್ಕದಲ್ಲೇ ಟಾಯರ್ ಅಂಗಡಿ ಇದೆ. ಅವನಿಗೊಂದು ಹೆಣ್ಣಿನ ಸುದ್ದಿ ಬಂದಿತ್ತು. ಹೆಣ್ಣಿನ ಮನೆ ಹುಕ್ಕೇರಿಯ ಆಚೆ ಎಲ್ಲೋ ತೋಟದ ನಡುವೆ. ಅವನು ಕಾರಿನಲ್ಲಿ ಫೋನಿನ ನಕಾಶೆ ಹಚ್ಚಿಕೊಂಡು ಹೊರಟ. ಅಣ್ಣ ಮತ್ತು ನಾನು ಸ್ಕೂಟರಿನಲ್ಲಿ, ಏನೂ ಹಚ್ಚಿಕೊಳ್ಳದೆ. ದಾರಿ ಒಡೆದಲ್ಲೆಲ್ಲ ಅಣ್ಣ ನಿಲ್ಲಿಸುತ್ತಿದ್ದ. ಎಡಗಡೆ ಪಂಕ್ಚರ್ ಅಂಗಡಿಯವನನ್ನು ಕೇಳಿದ, “ನಿಮ್ಮ ಕಡಿಂದ ಎಷ್ಟು ಆಕ್ಕೈತ್ರಿ?” ಐದು ಕಿಲೋಮೀಟರ್ ಅಂದ. ಬಲಗಡೆ, ಅರ್ಧ ಕಿಲೋಮೀಟರ್ ಮುಂದಿನ ಹಾಲಿನ ಡೇರಿಯಿಂದ ಬರುತ್ತಿದ್ದವನನ್ನು ಕೇಳಿದ, ಡೇರಿಯಿಂದ ಎಷ್ಟು ಎಂದು. ಮೂರು ಅಂದ. “ಮೂರಕ್ಕ ಅರ್ಧಾ ಕೂಡಿಸಿದ್ರ ಮೂರೂವರಿ. ಐದಕ್ಕಿಂತ ಕಡಿಮಿ. ಡೇರಿ ಕಡಿ ನಡಿ. ಮುಂದಿಂದು ಮುಂದಿನವ್ರು ಹೇಳ್ತಾರ,” ಅಂದ. ಹೀಗೆ ನಾಲ್ಕು ಜನರನ್ನು ಕೇಳಿ ಹೋಗಿ ತಲುಪಿದೆವು. ಕಾಕಾನ ಮಗನನ್ನು ಫೋನು ಒಂದು ಕಬ್ಬಿನ ಗದ್ದೆಯೊಳಗೆ ಕರೆದುಕೊಂಡು ಹೋಗಿ “ನೀವು ತಲುಪಿದ್ದೀರಿ” ಅಂದಿತಂತೆ. ವರ ಬಂದು ಮುಟ್ಟುವಷ್ಟರಲ್ಲಿ ಅಣ್ಣನ ಎರಡನೆಯ ಪ್ಲೇಟು ಉಪ್ಪಿಟ್ಟು ಮುಗಿದಿತ್ತು. ಹೆಣ್ಣಿನ ಅಪ್ಪ ಅವನನ್ನೇ ವರ ಎಂದು ತಿಳಿದು ಪಗಾರ ವಿಚಾರಿಸಿದ್ದೂ ಆಗಿತ್ತು. ಅಣ್ಣ ಹೇಳಿಯೂ ಬಿಟ್ಟಿದ್ದ!

ಇಂಥವನ್ನು ಎಷ್ಟು ಬೇಕಾದರೂ ಹೇಳಬಹುದು. ಆದರೆ ಆ ಪದ್ಧತಿಯನ್ನು ಅಣ್ಣ ನಮ್ಮ ಮನೆಗೇ ತಂದ ವಿಷಯಕ್ಕೆ ಬರಬೇಕಾದರೆ ನಡುವೆ ಒಂದು ನಗಲಾರದ ಮಾತನ್ನೂ ಹೇಳಬೇಕಾಗುತ್ತದೆ.

ನಮ್ಮಪ್ಪ ತೀರಿಕೊಂಡದ್ದು ಗೋಕಾಕದಲ್ಲಿ, ಅಣ್ಣನ ಮನೆಯಲ್ಲಿ. ನಮ್ಮಲ್ಲಿ ಸತ್ತವರಿಗೆ ಮಣ್ಣು ಕೊಡುತ್ತೇವೆ. ಹತ್ತಿರದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಬೇಕು. ಹಾಕಲು ಸಿಗದವರಿಗೆ ಅದು ಜೀವ ಇರುವತನಕ ಉಳಿಯುವ ಕೊರತೆ. ಅಪ್ಪನಿಗೆ ಒಬ್ಬಳೇ ಅಕ್ಕ, ನಮ್ಮ ಸೋದರತ್ತೆ, ಇರುವುದು ಕಣಗಲಾದಲ್ಲಿ. ಅಪ್ಪನ ಮಣ್ಣಿಗೆ ಎಲ್ಲರೂ ಬಂದರು, ಅವಳೊಬ್ಬಳು ಬರಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಅಂದುಕೊಂಡೆವು.

ನಾಲ್ಕನೆಯ ದಿನ ಅತ್ತೆ ಬಂದಳು. ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಚಪ್ಪಲಿ ಬಿಡುತ್ತಲೇ ಕೂಗಿದಳು, “ಏ ತಮ್ಮಾ, ಹಲ್ಲು ಅದಾವೊ, ಉದುರ್‍ಯಾವೊ? ಮೆತ್ತಗ ಮಾಡ್ಕೊಂಡು ಬಂದೀನಿ ನೋಡು.”

ಪಡಸಾಲೆಯಲ್ಲಿ ಅಪ್ಪನ ಫೋಟೋ ಇತ್ತು, ಮಾಲೆ ಹಾಕಿತ್ತು. ಅವಳು ಡಬ್ಬಿಯನ್ನು ಫೋಟೋದ ಮುಂದಿಟ್ಟು, “ನನಗೊಂದು ಹಿಡಿ ಮಣ್ಣು ಸಿಗಲಿಲ್ಲಲ್ಲೋ,” ಅಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳು ಹೋದ ಮೇಲೆ ಅಣ್ಣ ಎಲ್ಲರನ್ನೂ ಕೂಡಿಸಿ ವಿಚಾರಣೆ ನಡೆಸಿದ. ಹುಕ್ಕೇರಿಯಲ್ಲಿ ಕುಪ್ಪಸ ಹೊಲಿಯುವ ನಮ್ಮ ತಂಗಿ ಅಂದಳು, “ನೀ ಹೇಳಿರ್ತಿ ಅಂತ ನಾ ತಿಳಕೊಂಡೆ.” ಅಣ್ಣ ಅಂದ, “ಕಣಗಲಾ ನಿನಗ ಸಮೀಪ. ನೀ ಹೇಳಿರ್ತಿ ಅಂತ ನಾ ತಿಳಕೊಂಡೆ.” ನಾನು, ಇಬ್ಬರಲ್ಲಿ ಒಬ್ಬರು ಹೇಳಿರುತ್ತಾರೆ ಎಂದು ಸುಮ್ಮನಿದ್ದವನು. ಕಾಕಾನ ಮಗ, “ನಾ ವಾಟ್ಸಾಪ್ ಗ್ರೂಪಿನ್ಯಾಗ ಹಾಕಿದ್ನೆಲ್ಲ,” ಅಂದ. ಹಾಕಿದ್ದು ಖರೆ. ಗ್ರೂಪಿನಲ್ಲಿ ಎಲ್ಲರೂ ಇದ್ದರು. ಅತ್ತೆಯದು ಬರೀ ಗುಂಡಿ ಒತ್ತುವ ಸಣ್ಣ ಫೋನು!

ಅಣ್ಣ ಅವತ್ತು ಊಟ ಮಾಡಲಿಲ್ಲ. “ಜಗತ್ತಿನ ಸುದ್ದಿ ಹ್ಯಾಂಗ ಮುಟ್ಟತೈತಿ ಅಂತ ಹುಡುಗರಿಗೆ ಹೇಳ್ತೇನಿ. ನಮ್ಮ ಮನೀ ಸುದ್ದಿ ನಮ್ಮತ್ತೀಗೆ ಮುಟ್ಟಲಿಲ್ಲ. ಇನ್ನೊಮ್ಮೆ ಆಕಿಗೆ ತಪ್ಪಿದ್ರ ನಾ ಪಾಠ ಹೇಳೂದಽ ಬಿಡ್ತೇನಿ,” ಅಂದ.

ಮರುವಾರ ಗೋಕಾಕದ ಪೇಟೆಗೆ ಹೋಗಿ ಐದು ಪಾಟಿ ಕೊಂಡ. ಪಾಟಿ ಎಂದರೆ ಸಾಲೆಯ ಮಕ್ಕಳು ಬಳಪದಿಂದ ಬರೆಯುವ ಕರಿ ಹಲಗೆ. ಅಂಗಡಿಯವನು ಪ್ರೀತಿಯಿಂದ, “ಮಕ್ಕಳು ಎಷ್ಟನೇತ್ತ ಅದಾವ್ರಿ?” ಎಂದು ಕೇಳಿದ. ಅಣ್ಣ, “ದೊಡ್ಡಾಂವಗ ಅರವತ್ತೆಂಟು ವರ್ಷರಿ,” ಅಂದ.

ಆ ಅರವತ್ತೆಂಟರವನು ನಮ್ಮವ್ವನ ತಮ್ಮ, ತುಕ್ಕಾನಟ್ಟಿಯ ಮಾವ. ಐದು ಪಾಟಿಗಳು ಐದು ಮನೆಗೆ ಹೋದವು. ತುಕ್ಕಾನಟ್ಟಿಯ ಮಾವ, ಮೂಡಲಗಿಯ ನಾನು, ಗೋಕಾಕದ ಅಣ್ಣ, ಹುಕ್ಕೇರಿಯ ತಂಗಿ, ಕಣಗಲಾದ ಅತ್ತೆ. ಒಂದು ಸಾಲಿನಲ್ಲಿ ಕೈಕೈ ಹಿಡಿದು ನಿಂತ ಹಾಗೆ. ಪ್ರತಿಯೊಬ್ಬನೂ ತನ್ನ ಬಾಜೂದವರಿಗಷ್ಟೇ ಫೋನು ಮಾಡಬೇಕು, ದಾಟಿ ಆಚೆಯವರಿಗೆ ಮಾಡುವ ಹಾಗಿಲ್ಲ. ಪಾಟಿಯ ಮೇಲೆ ಮೂರು ಕಾಲಮು: ಊರು, ಎಷ್ಟು ಹೆಜ್ಜೆ, ಯಾರ ಕೈಯಿಂದ.

“ನೀವಽ ಎಲ್ಲಾರ್ಗೂ ಒಂದೊಂದು ಫೋನ್ ಮಾಡಿಬಿಟ್ರ ಮುಗೀತಲ್ಲ? ಈ ಸಾಲಿ ಆಟ ಯಾಕ?” ಎಂದು ವೈನಿ ಕೇಳಿದಳು.

“ಸತ್ತ ಮನ್ಯಾಗ ಒಬ್ಬ ಮನಿಶಾಗ ಎರಡು ಫೋನ್ ಮಾಡೂವಷ್ಟು ದನಿ ಇರತೈತಿ. ಮೂರನೇದಕ್ಕ ಉಳಿಯೂದಿಲ್ಲ. ಉಳಿದಿದ್ರ ಅಪ್ಪನ ದಿವಸ ನಾನಽ ಮಾಡ್ತಿದ್ದೆ,” ಅಂದ ಅಣ್ಣ.

ಅವತ್ತು ಮಾತ್ರ ಕೊನೆಯ ಮಾತು ಅವನದಾಯಿತು.

ಮೊದಲ ದಿನ ಪಾಟಿಗಳಲ್ಲಿ ಏನಿರಬೇಕು? ತನ್ನ ಊರಿಗೆ ಸೊನ್ನೆ, ಬಾಜೂದ ಊರಿಗೆ ಒಂದು. ಅಷ್ಟೇ. ಮಾವನಿಗೆ ಇದು ಸೇರಲಿಲ್ಲ. “ನಮ್ಮ ಮನಿಗೆ ನಾನಽ ಸೊನ್ನಿ ಬರಕೊಳ್ಳೂದೇನೋ? ಸಾಲ್ಯಾಗ ಮಾಸ್ತರ ಬರೀತಿದ್ದ, ಈಗ ನನ್ನ ಕೈಲೆ ಬರಸಾಕತ್ತಿ,” ಅಂದ. ಆದರೂ ಬರೆದ.

ಆಮೇಲಿನದು ಪ್ರತಿ ಗುರುವಾರ ಸಂಜೆ ಏಳಕ್ಕೆ. ಬಾಜೂದವರು ಒಬ್ಬರಿಗೊಬ್ಬರು ಫೋನು ಮಾಡಿ ತಮ್ಮ ಪಾಟಿ ಓದಬೇಕು. ಕೇಳಿದವನು ಪ್ರತಿ ಸಂಖ್ಯೆಗೂ ಒಂದು ಕೂಡಿಸಬೇಕು, ಯಾಕೆಂದರೆ ಹೇಳಿದವನ ಮನೆಗೆ ಹೋಗಲು ಒಂದು ಹೆಜ್ಜೆ ಬೇಕಲ್ಲ. ಕೂಡಿಸಿದ್ದು ತನ್ನಲ್ಲಿ ಬರೆದದ್ದಕ್ಕಿಂತ ಕಡಿಮೆಯಾದರೆ ಹಳೆಯದನ್ನು ಒರೆಸಿ ಇದನ್ನು ಬರೆಯಬೇಕು. ಹೆಚ್ಚಾದರೆ ಬಿಡಬೇಕು. ಒಂದು ಮಾತು ಬೇರೆ: ಯಾರ ಕೈಯಿಂದ ಹೋಗುತ್ತೇನೆಂದು ಬರೆದಿದ್ದೇವೋ ಅವನೇ “ನನಗ ಈಗ ದೂರ ಆತು” ಅಂದರೆ ಮರುಮಾತಿಲ್ಲದೆ ಒಪ್ಪಬೇಕು. ದಾರಿ ಅವನದಲ್ಲವೆ?

ಮೊದಲ ಗುರುವಾರ ತಂಗಿ ಓದಿದಳು, “ಕಣಗಲಾ ಒಂದು.” ಅಣ್ಣ ಒಂದು ಕೂಡಿಸಿ ಬರೆದ: ಕಣಗಲಾ ಎರಡು, ತಂಗಿಯ ಕೈಯಿಂದ. ಎರಡನೆಯ ಗುರುವಾರ ಅವನು ನನಗೆ ಓದಿದ. ನಾನು ಬರೆದೆ: ಮೂರು, ಅಣ್ಣನ ಕೈಯಿಂದ. ಮೂರನೆಯ ಗುರುವಾರ ನಾನು ಮಾವನಿಗೆ ಓದಿದೆ. ಅವನು ಬರೆದ: ನಾಲ್ಕು. ಅಲ್ಲಿಗೆ ಎಲ್ಲರ ಪಾಟಿಯೂ ತುಂಬಿತು. ಯಾರಿಗೂ ಯಾರೂ ನಕಾಶೆ ಕೊಟ್ಟಿರಲಿಲ್ಲ. ಕಣಗಲಾ ಯಾವ ದಿಕ್ಕಿಗಿದೆ ಎಂಬುದು ಮಾವನಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅತ್ತೆಗೆ ಏನಾದರೂ ಮುಟ್ಟಿಸಬೇಕಾದರೆ ನನ್ನ ಕೈಗೆ ಕೊಡಬೇಕು, ಅದು ನಾಲ್ಕು ಹೆಜ್ಜೆ ಎಂಬುದು ಗೊತ್ತು. ಸಾಕಲ್ಲ!

ಪರೀಕ್ಷೆಗೆಂದು ಮಾವನೇ ಮೊದಲ ಸುದ್ದಿ ಬಿಟ್ಟ: “ನಮ್ಮ ಎಮ್ಮಿ ಈದೈತಿ, ಹೆಣ್ಣುಗರ.” ನಾಲ್ಕು ಫೋನು, ಹತ್ತು ನಿಮಿಷ. ಕಣಗಲಾದಿಂದ ಅದೇ ದಾರಿಯಲ್ಲಿ ಉತ್ತರ ಬಂತು: “ಮುಟ್ಟಿತು. ಗಿಣ್ಣ ಎಲ್ಲಿ?” ಈದ ಎಮ್ಮೆಯ ಮೊದಲ ಹಾಲಿನ ಗಿಣ್ಣ ಅತ್ತೆಗೆ ಪ್ರಾಣ. ಮಾವ ಮರ್ಯಾದೆಯ ಮನುಷ್ಯ, ಒಂದು ದೊಡ್ಡ ಡಬ್ಬಿ ತುಂಬ ಗಿಣ್ಣ ಕಾಯಿಸಿ ಅದೇ ದಾರಿಯಲ್ಲಿ ಕೈಯಿಂದ ಕೈಗೆ ಕಳಿಸಿದ. ಮೂಡಲಗಿಯಲ್ಲಿ ನಾವು ರುಚಿ ಮಾತ್ರ ನೋಡಿದೆವು. ಗೋಕಾಕದಲ್ಲಿ ಅಣ್ಣ ಕೆಟ್ಟಿದೆಯೋ ಹೇಗೆ ಎಂದು ಪರೀಕ್ಷಿಸಿದ, ಎರಡು ಸಲ. ಹುಕ್ಕೇರಿಯಲ್ಲಿ ತಂಗಿಗೆ ಇಬ್ಬರು ಮಕ್ಕಳು. ಕಣಗಲಾಕ್ಕೆ ಮುಟ್ಟಿದ್ದು ಚೊಕ್ಕ ತೊಳೆದ ಡಬ್ಬಿ.

ಅತ್ತೆ ಫೋನಿನಲ್ಲಿ, “ಡಬ್ಬಿ ಭಾಳ ರುಚಿ ಇತ್ತು ಅಂತ ಹೇಳ್ರಿ,” ಅಂದಳಂತೆ. ಅಪ್ಪ ಹೋದ ಮೇಲೆ ಅವಳು ಮಾಡಿದ ಮೊದಲ ಚೇಷ್ಟೆ ಅದು. ತಂಗಿ ಅದನ್ನು ಅಣ್ಣನಿಗೆ ಹೇಳಿದಳು, ಅಣ್ಣ ನನಗೆ ಹೇಳಿದ. ಐದು ನಿಮಿಷ ಬಿಟ್ಟು ಮತ್ತೆ ಫೋನು ಮಾಡಿ ಅದನ್ನೇ ಇನ್ನೊಮ್ಮೆ ಹೇಳಿದ.

ಆದರೆ ಈ ಪದ್ಧತಿಗೆ ಒಂದು ರೋಗವಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಣ್ಣನಿಗೆ ಗೊತ್ತಿತ್ತು. ಪ್ರತಿ ವರ್ಷ ಬೋರ್ಡಿನ ಮೇಲೆ ಬಿಡಿಸುತ್ತಿದ್ದ. ಮನೆಗೆ ಬರುವಾಗ ಮರೆತಿದ್ದ!

ಒಮ್ಮೆ ಅತ್ತೆಯ ಫೋನು ನೀರಿನ ಹಂಡೆಗೆ ಬಿತ್ತು. ತಂಗಿ ಫೋನು ಹಚ್ಚಿದಳು, ಹತ್ತಲಿಲ್ಲ. ನಿಯಮದ ಪ್ರಕಾರ ಪಾಟಿಯ ಮೇಲಿನ ಕಣಗಲಾವನ್ನು ಒರೆಸಿದಳು. ಅಷ್ಟರಲ್ಲಿ ಗುರುವಾರ ಏಳಾಯಿತು. ಅವಳು ಬಾಯಿ ತೆರೆಯುವ ಮೊದಲೇ ಅಣ್ಣ ತನ್ನ ಪಾಟಿ ಓದಿಬಿಟ್ಟ, “ಕಣಗಲಾ ಎರಡು.” ತಂಗಿಗೆ ಸಮಾಧಾನವಾಯಿತು. ಅಣ್ಣನ ಹತ್ತಿರ ಬೇರೆ ದಾರಿ ಇದೆಯಲ್ಲ! ಒಂದು ಕೂಡಿಸಿ ಬರೆದಳು: ಕಣಗಲಾ ಮೂರು, ಅಣ್ಣನ ಕೈಯಿಂದ. ಆ ಎರಡು ಎಂಬುದು ತನ್ನ ದಾರಿಯದೇ ಎಂದು ಅವಳಿಗೆ ಹೊಳೆಯಲಿಲ್ಲ. ಸಂಖ್ಯೆಯ ಮೇಲೆ ಹೆಸರು ಬರೆದಿರುವುದಿಲ್ಲ ನೋಡಿ. ಮರುವಾರ ಅವಳು “ಮೂರು” ಎಂದು ಓದಿದಳು. ಅಣ್ಣ ಪರೀಕ್ಷೆಯ ಪೇಪರು ತಿದ್ದುತ್ತ ಕಿವಿಯಲ್ಲಿ ಫೋನು ಸಿಕ್ಕಿಸಿಕೊಂಡು ಕೂತಿದ್ದ. ದಾರಿ ಅವಳದು, ಒಪ್ಪಬೇಕು. ನಾಲ್ಕು ಬರೆದು, ನಾಲ್ಕೆಂದು ಓದಿದ. ಅವಳು ಐದು ಬರೆದಳು. ಮರುವಾರ ಅವನು ಆರು, ಅವಳು ಏಳು. ಅದರ ಮರುವಾರ ಅವನು ಎಂಟು, ನಾನು ಒಂಬತ್ತು.

ಇದರ ನಡುವೆ ತಂಗಿ ಅತ್ತೆಯ ಕುಪ್ಪಸ ಹೊಲಿದು ಮುಗಿಸಿದ್ದಳು. ಸುದ್ದಿ ಹೇಳಬೇಕು. ಪಾಟಿ ನೋಡಿದಳು: ಅಣ್ಣನ ಕೈಯಿಂದ. ಗೋಕಾಕಕ್ಕೆ ಫೋನು ಮಾಡಿ, “ಅತ್ತೀಗೆ ಹೇಳು, ಕುಪ್ಪಸ ಆಗ್ಯಾವ.” ಅಣ್ಣ ಪಾಟಿ ನೋಡಿದ: ತಂಗಿಯ ಕೈಯಿಂದ. ಹುಕ್ಕೇರಿಗೆ ಫೋನು ಮಾಡಿ, “ಅತ್ತೀಗೆ ಹೇಳು, ಕುಪ್ಪಸ ಆಗ್ಯಾವಂತ.” ಅವಳು ಮತ್ತೆ ಅವನಿಗೆ. ಮೂರನೆಯ ಸುತ್ತಿಗೆ ಫೋನು ಎತ್ತಿದ್ದು ವೈನಿ. “ಕುಪ್ಪಸ ಆಕಿ ಹೊಲದಾಳ, ನೀವು ಆಕಿಗಽ ಹೇಳಾಕತ್ತೀರಿ. ನಡುವ ಅತ್ತಿ ಯಾರ ಕಿಸೇದಾಗ ಅದಾಳ?” ಎಂದು ಅಣ್ಣನನ್ನು ಕೇಳಿದಳು.

ಅಷ್ಟರಲ್ಲಿ ತುಕ್ಕಾನಟ್ಟಿಯಿಂದ ಮಾವನ ಫೋನು ನನಗೆ. “ಏ, ನಿಮ್ಮತ್ತಿ ವಾರಾ ವಾರಾ ದೂರ ಹೊಂಟಾಳಲ್ಲೋ. ಹೋದ ತಿಂಗಳ ನಾಕು ಹೆಜ್ಜಿ ಇದ್ದಾಕಿ ಈಗ ಹತ್ತು. ಹಿಂಗಽ ಬಿಟ್ರ ದೀಪಾವಳಿಗೆ ಪುಣೆ ದಾಟ್ತಾಳ. ಯಾರರ ಹೋಗಿ ಕರಕೊಂಡು ಬರ್ರಿ.”

ಅತ್ತೆ ಕಣಗಲಾದ ತನ್ನ ಕಟ್ಟೆಯ ಮೇಲೆಯೇ ಕೂತಿದ್ದಳು, ಒಂದು ಹೆಜ್ಜೆ ಅತ್ತಿತ್ತ ಹೋಗಿರಲಿಲ್ಲ.

ನಾನು ಅಣ್ಣನಿಗೆ ಹೇಳಿದೆ. ಅವನು ಪೇಪರು ಬದಿಗಿಟ್ಟು ಪಾಟಿಯನ್ನು ಮೊದಲ ಸಲ ಕಣ್ಣಿಟ್ಟು ನೋಡಿದನಂತೆ. ಆಮೇಲೆ ಏನು ಮಾಡಿದ ಗೊತ್ತೆ? ಅಂಗಡಿಗೆ ಹೋಗಿ ಎರಡು ಕಿಲೋ ಕರದಂಟು ತಂದು ಓಣಿಗೆಲ್ಲ ಹಂಚಿದ! ಯಾರು ಯಾಕೆಂದು ಕೇಳಿದರೂ ಒಂದೇ ಉತ್ತರ: “ನಮ್ಮ ಮನ್ಯಾಗ ಲೆಕ್ಕ ಅನಂತಕ್ಕ ಹೊಂಟಿತ್ರಿ. ಇಪ್ಪತ್ತೆರಡು ವರ್ಷ ಬೋರ್ಡಿನ ಮ್ಯಾಲೆ ಬರದೇನಿ. ಕಣ್ಣಿಲೆ ಕಂಡಿದ್ದು ಈಗ.” ತನ್ನ ತಪ್ಪಿಗೆ ತಾನೇ ಕರದಂಟು ಹಂಚಿದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಜೆ ನಾನು ಗೋಕಾಕಕ್ಕೆ ಹೋದಾಗ ಅವನು ಕರದಂಟು ಅಗಿಯುವುದನ್ನು ನಿಲ್ಲಿಸಿ ಒಂದು ಮಾತು ಹೇಳಿದ. “ಅಪ್ಪನ ದಿವಸ ಆಗಿದ್ದೂ ಇದಽ ನೋಡು. ದಾರಿ ತಂಗಿ ಹಂತ್ಯಾಕ ಐತಿ ಅಂತ ನಾ ತಿಳದಿದ್ದೆ. ನನ್ನ ಹಂತ್ಯಾಕ ಐತಿ ಅಂತ ಆಕಿ ತಿಳದಿದ್ಲು. ಇಬ್ಬರ ಹಂತ್ಯಾಕೂ ಇದ್ದಿದ್ದಿಲ್ಲ.”

ಆಮೇಲೆ ಔಷಧ ಹೇಳಿದ. ಡಬ್ಬಿಗಳಿಗೂ ಇದೇ ಔಷಧವಂತೆ. “ನನ್ನಿಂದ ಕಲ್ತಿದ್ದನ್ನ ನನಗ ಹೇಳಬ್ಯಾಡ” ಎಂಬುದು ಅದರಲ್ಲಿ ಮುಖ್ಯವಾದದ್ದು. ಕಣಗಲಾದ ದಾರಿ ತಂಗಿಯಿಂದ ಬಂದಿದ್ದರೆ ಅಣ್ಣ ಅದನ್ನು ತಂಗಿಗೆ ಓದಬಾರದು. ನನಗೆ ಓದಬಹುದು, ಮಾವನಿಗೆ ನಾನು ಓದಬಹುದು, ಹಿಂದಕ್ಕೆ ಮಾತ್ರ ಓದಬಾರದು. ಇಬ್ಬರ ನಡುವಿನ ಸುತ್ತು ಅಷ್ಟರಿಂದ ಮುರಿಯುತ್ತದೆ.

ವೈನಿ ಅದನ್ನು ಕೇಳಿ, “ನಿಮ್ಮಿಂದ ಕೇಳಿದ್ದನ್ನ ನಿಮಗ ತಿರುಗಿ ಹೇಳಬಾರದು ಅಂದ್ರ ಈ ಮನ್ಯಾಗ ಮಾತಽ ನಿಂತು ಹೋಗತಾವ,” ಅಂದಳು.

ಮೂವರು ನಾಲ್ವರ ಸುತ್ತಿಗೆ ಅದೊಂದೇ ಸಾಲದು ಎಂದು ಇನ್ನೊಂದು ಗಡಿ ಹಾಕಿದ: ಹದಿನಾರು. ಹದಿನಾರು ಎಂದು ಬಂತೆಂದರೆ ದಾರಿ ಇಲ್ಲ ಎಂದೇ ಅರ್ಥ, ಅಲ್ಲಿಗೆ ಎಣಿಸುವುದನ್ನು ನಿಲ್ಲಿಸಬೇಕು.

ಮಾವ ತಕರಾರು ತೆಗೆದ. “ನಮ್ಮ ಬೀಗರು ಯಾರರ ಹದಿನೇಳು ಮನಿ ಆಚೆ ಇದ್ರ?”

“ಹದಿನೇಳು ಮನಿ ಆಚೆ ಇದ್ದವ್ರು ಬೀಗರಲ್ಲ ಮಾವಾ, ಊರವ್ರು.”

ಕೆಟ್ಟ ಸುದ್ದಿಗೆ ಗುರುವಾರದ ನಿಯಮ ಇಲ್ಲ ಎಂದೂ ಹೇಳಿದ. ಯಾರಿಗೆ ದಾರಿ ತಪ್ಪಿತೋ ಅವನು ಸುಮ್ಮನೆ ಒರೆಸಿ ಕೂಡಬಾರದು. ಆ ಗಳಿಗೆಗೇ ಬಾಜೂದವರಿಗೆ ಫೋನು ಮಾಡಿ ತನ್ನ ಬಾಯಿಂದ “ಹದಿನಾರು” ಅನ್ನಬೇಕು. “ಒಳ್ಳೇದು ತಡಾ ಆದ್ರ ನಡೀತೈತಿ. ಕೆಟ್ಟದ್ದು ತಡಾ ಆದ್ರ ಸುಳ್ಳು ಹುಟ್ಟತೈತಿ,” ಅಂದ.

ಇಷ್ಟೆಲ್ಲ ಮಾಡಿಯೂ ಅವನಿಗೆ ಸಮಾಧಾನ ಇರಲಿಲ್ಲ. ಅತ್ತೆಗೆ ಹೋಗುವುದು ತಂಗಿಯ ಒಂದೇ ದಾರಿ. ಹೀಗಾಗಿ ಆರನೆಯ ಪಾಟಿ ಕೊಂಡು ಯಮಕನಮರಡಿಗೆ, ಟಾಯರ್ ಅಂಗಡಿಯ ಕಾಕಾನ ಮಗನಿಗೆ ಕೊಟ್ಟುಬಂದ. ಅವನು ಅಣ್ಣನಿಗೂ ಬಾಜೂ, ಅತ್ತೆಗೂ ಬಾಜೂ. ಅಂಗಡಿಯಲ್ಲಿ ಪಾಟಿ ತೂಗಹಾಕಿಕೊಳ್ಳಲು ಅವನಿಗೆ ನಾಚಿಕೆ. ಅತ್ತೆಯ ಫೋನು ರಿಪೇರಿಯಾಗಿ ಬಂದ ಮೇಲೆ ಗೋಕಾಕದಿಂದ ಕಣಗಲಾಕ್ಕೆ ಎರಡು ದಾರಿಗಳಾದವು, ಎರಡೂ ಎರಡೆರಡು ಹೆಜ್ಜೆ. ಅಣ್ಣ ಪಾಟಿಯಲ್ಲಿ ತಂಗಿಯ ಹೆಸರನ್ನೇ ಉಳಿಸಿಕೊಂಡ. ಇನ್ನೊಂದು ಇದೆ ಎಂಬ ಧೈರ್ಯದಲ್ಲಿ ಮಲಗಿದ.

ಎರಡು ವರ್ಷ ಗುರುವಾರಗಳು ಹೀಗೆ ನಡೆದವು. ಲಗ್ನ, ತೊಟ್ಟಿಲು, ಮನೆಶಾಂತಿ, ಮಾವನ ಕಣ್ಣಿನ ಆಪರೇಶನ್, ಒಂದೂ ತಪ್ಪಲಿಲ್ಲ. ನಕ್ಕವರೆಲ್ಲ ಬಳಪ ಹಿಡಿದರು. ನನ್ನಂಥ ಮೂಕನೂ ವಾರಕ್ಕೊಮ್ಮೆ ಏಳು ಗಂಟೆಗೆ ಅಣ್ಣನಿಗೆ ಪಾಟಿ ಓದಿ, ಓದಿದ ಮೇಲೆ ಒಂದೆರಡು ಮಾತು ಹೆಚ್ಚಿಗೆ ಆಡುವುದನ್ನು ಕಲಿತೆ. ಈಗ ಅನ್ನಿಸುತ್ತದೆ, ನನ್ನನ್ನು ಮಾತಾಡಿಸಲಿಕ್ಕೂ ಅವನಿಗೆ ಇದೊಂದು ದಾರಿಯಾಗಿತ್ತೇನೋ.

ಕಳೆದ ವರ್ಷ ಒಂದು ಮಂಗಳವಾರ ಬೆಳಿಗ್ಗೆ ಅಣ್ಣ ಕಾಲೇಜಿಗೆ ಹೋಗಲು ಬೂಟು ಹಾಕಿಕೊಳ್ಳುತ್ತ ಕೂತವನು ಏಳಲಿಲ್ಲ.

ವೈನಿಯ ಫೋನು ನನಗೆ ಬಂದಾಗ ನಾನು ಅಂಗಡಿಯಲ್ಲಿದ್ದೆ. ಅಳಲಿಲ್ಲ ಅವಳು. “ಗೋಕಾಕದಾಂವ ಹದಿನಾರು,” ಅಂದಳು. ನಾನು “ಮುಟ್ಟಿತು” ಅಂದೆ. ನನಗೆ ಬಂದ ದನಿ ಅಷ್ಟೇ. ಆಮೇಲೆ ಮಾವನಿಗೆ ಫೋನು ಮಾಡಿ ಹೇಳಿದೆ. ಅವನೂ “ಮುಟ್ಟಿತು” ಅಂದ. ಗಾಡಿ ಹತ್ತುವ ಮುನ್ನ ಪಾಟಿ ನೋಡಿದೆ. ಹುಕ್ಕೇರಿ, ಅಣ್ಣನ ಕೈಯಿಂದ. ಯಮಕನಮರಡಿ, ಅಣ್ಣನ ಕೈಯಿಂದ. ಕಣಗಲಾ, ಅಣ್ಣನ ಕೈಯಿಂದ. ಎಲ್ಲವೂ ಅವನ ಕೈಯಿಂದಲೇ ಹೋಗುತ್ತಿದ್ದವು. ಮೂಡಲಗಿಯಿಂದ ಗೋಕಾಕದವರೆಗೆ ಒಂದೇ ಯೋಚನೆ: ಅತ್ತೆಗೆ ಯಾರು ಹೇಳುತ್ತಾರೆ?

ಹೋಗುತ್ತಲೇ ವೈನಿಯನ್ನು ಕೇಳಿದೆ. “ಯಾರರ ಹೇಳಿರ್ತಾರ” ಎಂಬ ಮಾತು ಆ ಮನೆಯಲ್ಲಿ ಕೇಳಲಿಲ್ಲ. ಅವಳು ಅಂದಳು, “ನಿನಗ ಮಾಡಿದೆ. ಹುಕ್ಕೇರಿಗೆ ಮಾಡಿದೆ, ಎತ್ತಲಿಲ್ಲ. ಪಾಟಿ ಮ್ಯಾಲಿಂದು ಒರಸಿ ಯಮಕನಮರಡಿ ಬರದೆ. ಅಲ್ಲಿಗೆ ಮಾಡಿದೆ. ಮುಟ್ಟಿತು ಅಂದ.” ಎರಡು ಫೋನಿಗಾಗುವಷ್ಟು ದನಿ ಇರುತ್ತದೆ ಎಂದವನ ಹೆಂಡತಿ ಮೂರನೆಯದನ್ನೂ ಮಾಡಿದ್ದಳು. ಪಾಟಿ ಅವಳ ಮಡಿಲಲ್ಲೇ ಇತ್ತು.

ಮಧ್ಯಾಹ್ನ ಕಳೆಯಿತು. ಹಿರಿಯರು ಹೊತ್ತಾಗುತ್ತದೆ, ಎತ್ತೋಣ ಎಂದರು. ವೈನಿ, “ಕಣಗಲಾ ಬರೂತನಾ ಎತ್ತಬ್ಯಾಡ್ರಿ,” ಅಂದಳು. ಕೊನೆಯ ಮಾತು ಅವಳದೇ ತಾನೆ.

ನಾಲ್ಕಕ್ಕೆ ಟಾಯರ್ ಅಂಗಡಿಯ ಗಾಡಿ ಓಣಿಯೊಳಗೆ ಬಂತು. ಮುಂದೆ ಕಾಕಾನ ಮಗ, ಪಕ್ಕದಲ್ಲಿ ಅತ್ತೆ. ಹಿಂದಿನಿಂದ ಇಳಿದವಳು ನಮ್ಮ ತಂಗಿ! ಬೆಳಿಗ್ಗೆ ಅವಳ ಫೋನು ಬಟ್ಟೆಯ ರಾಶಿಯ ಕೆಳಗಿತ್ತು. ಹೊಲಿಗೆ ಯಂತ್ರದ ಸಪ್ಪಳದಲ್ಲಿ ಏನೂ ಕೇಳಿರಲಿಲ್ಲ. ಅತ್ತೆ ಸುದ್ದಿ ಮುಟ್ಟಿದ ಕೂಡಲೇ ತನ್ನ ಪಾಟಿ ನೋಡಿದ್ದಳು. ಅವಳ ಬಾಜೂದವರು ಇಬ್ಬರು. ಒಬ್ಬನಿಂದ ಸುದ್ದಿ ಬಂದಿದೆ, ಅವನಿಗೆ ತಿರುಗಿ ಹೇಳುವ ಹಾಗಿಲ್ಲ. ಇನ್ನೊಬ್ಬಳು ಹುಕ್ಕೇರಿಯವಳು, ಫೋನು ಎತ್ತುತ್ತಿಲ್ಲ. ಕರೆದೊಯ್ಯಲು ಬಂದ ಕಾಕಾನ ಮಗನಿಗೆ ಹೇಳಿ ಗಾಡಿಯನ್ನು ಹುಕ್ಕೇರಿಗೆ ತಿರುಗಿಸಿ, ತಂಗಿಯ ಬಾಗಿಲಲ್ಲಿ ನಿಲ್ಲಿಸಿ, ಒಳಗೆ ಹೋಗಿ ತಾನೇ ಯಂತ್ರದ ಚಕ್ರಕ್ಕೆ ಕೈಯೊಡ್ಡಿ ನಿಲ್ಲಿಸಿದಳಂತೆ. ಅಪ್ಪನ ಸುದ್ದಿ ಮುಟ್ಟದವಳು ಅಣ್ಣನ ಸುದ್ದಿ ಮುಟ್ಟಿಸಿದಳು.

ಅತ್ತೆಯೇ ಮೊದಲ ಹಿಡಿ ಮಣ್ಣು ಹಾಕಿದಳು. ಹಾಕಿ, ಒಂದು ಗಳಿಗೆ ತಡೆದು ಇನ್ನೊಂದು ಹಿಡಿ ತೆಗೆದುಕೊಂಡಳು. “ಇದು ನಿಮ್ಮಪ್ಪಂದು. ಅಲ್ಲಿ ಮುಟ್ಟಸು,” ಅಂದಳು ಅವನಿಗೆ.

ಆ ಗುರುವಾರ ಸಂಜೆ ಏಳಕ್ಕೆ ನಾನು ಮೂಡಲಗಿಯಲ್ಲಿ ಪಾಟಿ ಮುಂದಿಟ್ಟುಕೊಂಡು ಕೂತೆ. ನಿಯಮದ ಪ್ರಕಾರ ಒರೆಸಬೇಕಾದದ್ದು ಬಹಳ ಇತ್ತು. ಒದ್ದೆ ಬಟ್ಟೆ ಕೈಯಲ್ಲಿತ್ತು. ಅಷ್ಟರಲ್ಲಿ ಫೋನು ಬಂತು. ವೈನಿ. “ಬರಕೊ,” ಅಂದಳು. “ಗೋಕಾಕ ಸೊನ್ನಿ. ಹುಕ್ಕೇರಿ ಒಂದು. ಯಮಕನಮರಡಿ ಒಂದು. ಕಣಗಲಾ ಎರಡು.” ನಾನು ಪ್ರತಿಯೊಂದಕ್ಕೂ ಒಂದು ಕೂಡಿಸಿದೆ. ಯಾವ ಸಂಖ್ಯೆಯೂ ಬದಲಾಗಲಿಲ್ಲ.

ಅವತ್ತಿನಿಂದ ಅಣ್ಣನಿಗೆ ಫೋನು ಮಾಡಿ ಇದೆಲ್ಲ ಹೇಳಬೇಕು ಅನ್ನಿಸುತ್ತಲೇ ಇದೆ. ನಿನ್ನ ಪದ್ಧತಿ ಗೆದ್ದಿತು, ಅತ್ತೆಗೆ ಮಣ್ಣು ಸಿಕ್ಕಿತು, ಮಾವ ಈಗ ಸೊನ್ನೆಯನ್ನು ಚೆಂದ ಬರೆಯುತ್ತಾನೆ ಎಂದು. ಆದರೆ ಇವೆಲ್ಲ ನಾನು ಅವನಿಂದ ಕಲಿತವು. ನನ್ನಿಂದ ಕಲಿತದ್ದನ್ನು ನನಗೆ ಹೇಳಬೇಡ ಎಂದು ಅವನದೇ ನಿಯಮವಿದೆ. ಅದಕ್ಕೇ, ಹೆಚ್ಚು ಮಾತು ಬಾರದ ನಾನು, ಬಾಜೂದವರಾದ ನಿಮಗೆ ಹೇಳುತ್ತಿದ್ದೇನೆ.